ಶ್ರೀಲಂಕಾದಲ್ಲಿ ಇವೆಂಟ್: ಬಾಲಿ ಕೊಡೆ, ಹವಾಯಿ ಹಾರ ಬೇಡ ಅಂದ್ರೆ ಇನ್ನೇನು ಮಾಡೋದು?

ದೀಪದಕಂಬ

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗದೆ ಓದಿ.

ನಾನು ಒಂದು ಸಣ್ಣ ಇವೆಂಟ್ ಟೀಮಲ್ಲಿ ಡಿಸೈನ್ ನೋಡ್ಕೊಳ್ಳೋಳು. ಇಷ್ಟು ವರ್ಷ ಮದುವೆ ಸ್ಟೇಜು, ಶೋರೂಮ್ ಓಪನಿಂಗು ಅಂತ ಇದ್ದೆ, ಈಗ ಮೊದಲನೇ ಸಲ ಕಡಲಾಚೆ ಕೆಲಸ ಬಂದಿದೆ. ಒಂದು ಕಂಪನಿ ಡೀಲರ್ಸ್ ಮೀಟು, 110 ಜನ, ಫೆಬ್ರವರಿಯಲ್ಲಿ ಮೂರು ದಿನ, ಶ್ರೀಲಂಕಾದ ಬೆಂತೋಟದಲ್ಲಿ ಬೀಚ್ ಪಕ್ಕದ ಹೋಟೆಲು. ಕ್ಲೈಂಟ್ ಹೇಳಿದ್ದು ಒಂದೇ ಮಾತು, "ದ್ವೀಪಕ್ಕೆ ಬಂದಿದೀವಿ ಅನ್ನಿಸಬೇಕು, ಲೋಕಲ್ ಫೀಲ್ ಬರಬೇಕು".

ಅಲ್ಲಿನ ಒಬ್ಬ ಡೆಕೊರೇಟರ್ ಕೈಲಿ ಪ್ಲಾನ್ ತರಿಸಿದೆ. ತೆಗೆದು ನೋಡಿದ್ರೆ ಬಾಗಿಲಲ್ಲಿ ಬಾಲಿ ಕೊಡೆ, ಬಂದವರ ಕೊರಳಿಗೆ ಹವಾಯಿ ಥರದ ಪ್ಲಾಸ್ಟಿಕ್ ಹೂವಿನ ಹಾರ, ಬೀಚ್ ಉದ್ದಕ್ಕೂ ಪಂಜು, ಸ್ಟೇಜ್ ಹಿಂದೆ ಆಳೆತ್ತರದ ಬುದ್ಧನ ತಲೆ, ಸುತ್ತ ಎಲ್‌ಇಡಿ. ಮೂರು ಸಮುದ್ರದ ಮೂರು ದ್ವೀಪ ಒಂದೇ ಮಿಕ್ಸಿಗೆ ಹಾಕಿ ತಿರುವಿದ ಹಾಗಿತ್ತು. ಇದರಲ್ಲಿ ಶ್ರೀಲಂಕಾ ಎಲ್ಲಿದೆ ಅಂತ ಕೇಳಿದ್ದಕ್ಕೆ "ಮೇಡಂ, ಇಂಡಿಯನ್ ಗೆಸ್ಟ್‌ಗಳಿಗೆ ಇದೇ ಇಷ್ಟ ಆಗೋದು" ಅಂದ್ರು!

ಅದಕ್ಕೆ ನಾನೇ ಕೂತು ಒಂದು ಪ್ಲಾನ್ ಮಾಡಿದೀನಿ. ಎಂಟ್ರೆನ್ಸಲ್ಲಿ ಅಲ್ಲಿನ ಕ್ಯಾಂಡಿ ಊರಿನ ಶೈಲಿಯ ಡ್ಯಾನ್ಸರ್‌ಗಳು ವೆಲ್‌ಕಮ್ ಡ್ರಿಂಕ್ ಟ್ರೇ ಹಿಡ್ಕೊಂಡು ನಿಂತಿರ್ತಾರೆ, ಫೋಟೋ ಬೂತ್ ಗೋಡೆ ತುಂಬ ಆ ಬಣ್ಣಬಣ್ಣದ ಮರದ ಮುಖವಾಡಗಳು, ಮೊದಲ ದಿನ ಮೀಟಿಂಗು, ಎರಡನೇ ರಾತ್ರಿ ಹುಣ್ಣಿಮೆ, ಹಾಗಾಗಿ ಬೆಳದಿಂಗಳಲ್ಲಿ ಬೀಚ್ ಡಿನ್ನರ್ ಜೊತೆಗೆ ಬಾರು ಡಿಜೆ. ಸ್ಟೇಜಿಗೆ ಮಾತ್ರ ಇನ್ನೂ ಏನೂ ಹೊಳೆದಿಲ್ಲ. ಅಲ್ಲಿ ಇದ್ದು ಬಂದವರು, ಕೆಲಸ ಮಾಡಿದವರು ಯಾರಾದ್ರೂ ಇದ್ರೆ ಎಲ್ಲಿ ಎಡವಿದೀನಿ ಅಂತ ಹೇಳಿ. ಬೈದ್ರೂ ಪರವಾಗಿಲ್ಲ, ಈಗಲೇ ಬೈದುಬಿಡಿ.

---

ಗಾಲ್‌ರೋಡ್_ಪ್ರಯಾಣಿಕ

ಬೈಯಲ್ಲ, ಆದ್ರೆ ನೀವು ಇಟ್ಟಿರೋ ಮೂರೂ ಐಡಿಯಾದಲ್ಲಿ ಒಂದೊಂದು ಗುಂಡಿ ಇದೆ. ನಾನು ಕೊಲಂಬೊದಲ್ಲಿ ಏಳು ವರ್ಷ ಇದ್ದೆ, ಗೊತ್ತಿರೋದು ಹೇಳ್ತೀನಿ.

ಮೊದಲು ಹುಣ್ಣಿಮೆ. ಇದು ದೊಡ್ಡ ಗುಂಡಿ. ಅಲ್ಲಿ ಪ್ರತಿ ಹುಣ್ಣಿಮೆನೂ ಪೋಯ ದಿನ, ಇಡೀ ದೇಶಕ್ಕೆ ರಜೆ, ಮದ್ಯ ಮಾರೋ ಹಾಗಿಲ್ಲ. ಫೆಬ್ರವರಿದು ಸಾಮಾನ್ಯವಾಗಿ ನವಂ ಪೋಯ. ಅವತ್ತು ಜನ ಬಿಳಿ ಬಟ್ಟೆ ಹಾಕ್ಕೊಂಡು ದೇವಸ್ಥಾನಕ್ಕೆ ಹೋಗ್ತಾರೆ, ನೀವು ಅದೇ ರಾತ್ರಿ ಬೀಚಲ್ಲಿ ಬಾರು ಡಿಜೆ ಅಂದ್ರೆ ಹೋಟೆಲಿನವರು ಮೊದಲು ನಕ್ಕು ಆಮೇಲೆ ಆಗಲ್ಲ ಅಂತಾರೆ. ನಿಮ್ಮ ಡೆಕೊರೇಟರ್ ಇದನ್ನ ಹೇಳಲಿಲ್ಲ ಅನ್ನೋದೇ ನಂಗೆ ಆಶ್ಚರ್ಯ. ಪಾರ್ಟಿನ ಹಿಂದಿನ ರಾತ್ರಿಗೆ ತನ್ನಿ, ಮೀಟಿಂಗ್ ಮುಂದಕ್ಕೆ ಹಾಕಿ, ಚತುರ್ದಶಿ ಚಂದ್ರನಿಗೂ ಹುಣ್ಣಿಮೆ ಚಂದ್ರನಿಗೂ ನಿಮ್ಮ ಡೀಲರ್‌ಗಳು ವ್ಯತ್ಯಾಸ ಕಂಡುಹಿಡಿಯಲ್ಲ.

ಎರಡನೇದು ಬುದ್ಧನ ತಲೆ. ಅದು ನಿಮ್ಮ ಐಡಿಯಾ ಅಲ್ಲ ಅಂತ ಗೊತ್ತು, ಆದ್ರೂ ಯಾರಾದ್ರೂ ಕೊನೇ ಗಳಿಗೇಲಿ ವಾಪಸ್ ತರ್ತಾರೆ, ತರೋಕೆ ಬಿಡಬೇಡಿ. ಬುದ್ಧನ ಕಡೆ ಬೆನ್ನು ಹಾಕಿ ಸೆಲ್ಫಿ ತಗೊಂಡ್ರೇ ಅಲ್ಲಿ ಸಿಟ್ಟು ಬರುತ್ತೆ, ನಿಮ್ಮ ಸ್ಟೇಜಲ್ಲಿ ಸೇಲ್ಸ್ ಹೆಡ್ ಪೂರ್ತಿ ಒಂದು ಗಂಟೆ ಬೆನ್ನು ಹಾಕಿ ನಿಂತು ಟಾರ್ಗೆಟ್ ಬಗ್ಗೆ ಭಾಷಣ ಮಾಡ್ತಾರೆ. 2014ರಲ್ಲಿ ತೋಳಿನ ಮೇಲೆ ಬುದ್ಧನ ಟ್ಯಾಟೂ ಇದ್ದ ಬ್ರಿಟಿಷ್ ಪ್ರವಾಸಿಯೊಬ್ಬಳನ್ನ ಏರ್‌ಪೋರ್ಟಲ್ಲಿ ಹಿಡಿದು ವಾಪಸ್ ಕಳಿಸಿದ್ರು. ಆಮೇಲೆ ಅಲ್ಲಿನ ಸುಪ್ರೀಂ ಕೋರ್ಟೇ ಅದು ತಪ್ಪು ಅಂತ ಹೇಳಿ ಪರಿಹಾರ ಕೊಡಿಸ್ತು, ಸರಿ, ಆದ್ರೆ ಅಷ್ಟು ದೂರ ಹೋಗೋ ವಿಷಯ ಅಂತೂ ಹೌದು.

ಇನ್ನು ಡ್ಯಾನ್ಸರ್‌ಗಳ ಕೈಗೆ ಟ್ರೇ. ಇದನ್ನ ನಾನೇ ಕಣ್ಣಾರೆ ನೋಡಿದೀನಿ, ಒಂದು ಹೋಟೆಲಲ್ಲಿ, ಹೆಸರು ಬೇಡ. ಕ್ಯಾಂಡಿ ನೃತ್ಯದಲ್ಲಿ ತಲೆಗೆ ಕಟ್ಟೋ ಆ ಬೆಳ್ಳಿ ಕಿರೀಟದ ಥರದ್ದಿದೆಯಲ್ಲ, ಅದಕ್ಕೆ ವೆಸ್ ಅಂತಾರೆ. ವರ್ಷಗಟ್ಟಲೆ ಕಲಿತು, ವೆಸ್ ಕಟ್ಟೋ ಶಾಸ್ತ್ರ ಮುಗಿಸಿದ ಮೇಲೇನೇ ಅದು ತಲೆ ಮೇಲೆ ಬರೋದು. ಇದರ ಮೂಲ ಕೊಹೊಂಬ ಕಂಕಾರಿಯ ಅನ್ನೋ ಪೂಜೆ, ಮನರಂಜನೆ ಅಲ್ಲ. ಆ ಮನುಷ್ಯ ಅದನ್ನ ಕಟ್ಕೊಂಡು ಬಿಸಿಲಲ್ಲಿ ಕಲ್ಲಂಗಡಿ ಜ್ಯೂಸ್ ಹಂಚ್ತಾ ನಿಂತಿದ್ದ, ಗೆಸ್ಟ್ ಒಬ್ಬರು ಖಾಲಿ ಗ್ಲಾಸ್ ತಂದು ಅವನ ಕೈಗೇ ಇಟ್ರು. ಅವನ ಮುಖ ನಂಗೆ ಇವತ್ತಿಗೂ ನೆನಪಿದೆ. ಅವರನ್ನ ಕರೆಸಿ, ಕುಣಿಯೋಕೆ ಜಾಗ ಕೊಡಿ, ಹದಿನೈದು ನಿಮಿಷ ಎಲ್ಲರೂ ಸುಮ್ನೆ ನಿಂತು ನೋಡೋ ಹಾಗೆ ಮಾಡಿ. ಶುರುವಲ್ಲಿ ಮಗುಲ್ ಬೆರ ಬಾರಿಸ್ತಾರೆ, ಅದು ಶುಭ ಕಾರ್ಯಕ್ಕೆ ಬಾರಿಸೋ ಡೋಲು, ಜೊತೆಗೆ ಶಂಖ. ಅಷ್ಟೇ ಸಾಕು, ಮೈ ಜುಮ್ಮನ್ನುತ್ತೆ.

ಮುಖವಾಡ. ನಿಮ್ಮ ಹೋಟೆಲಿಂದ ದಕ್ಷಿಣಕ್ಕೆ ಗಾಲ್ ರೋಡಲ್ಲೇ ಹೋದ್ರೆ ಅಂಬಲಂಗೊಡ ಸಿಗುತ್ತೆ, ಮುಖವಾಡ ಕೆತ್ತೋರ ಊರು. ಕದುರು ಅನ್ನೋ ಹಗುರ ಮರದಲ್ಲಿ ಕೆತ್ತೋದು. ಆದ್ರೆ ಮುಖವಾಡ ಅಂದ್ರೆ ಎಲ್ಲ ಒಂದೇ ಅಲ್ಲ. ಸನ್ನಿ ಅಂತ ಒಂದು ಗುಂಪು, 18 ರೋಗಕ್ಕೆ 18 ಸನ್ನಿ, ರೋಗ ಬಿಡಿಸೋ ರಾತ್ರಿ ಪೂಜೇಲಿ ಹಾಕೋದು. ಕಣ ಸನ್ನಿ ಕುರುಡಿಗೆ, ಗೊಳು ಸನ್ನಿ ಮೂಗರಿಗೆ, ಬಿಹಿರಿ ಸನ್ನಿ ಕಿವುಡಿಗೆ. ಚೆನ್ನಾಗಿದೆ ಅಂತ ಫೋಟೋ ಬೂತಲ್ಲಿ ಅದನ್ನ ತೂಗುಹಾಕಿದ್ರೆ ಡೀಲರ್‌ಗಳು ವಾಂತಿಭೇದಿ ದೆವ್ವದ ಪಕ್ಕ ನಿಂತು ಥಮ್ಸ್‌ಅಪ್ ತೋರಿಸ್ತಾರೆ. ನಿಮಗೆ ಬೇಕಾಗಿರೋದು ರಾಕ್ಷ ಮುಖವಾಡ, ಮೆರವಣಿಗೇಲಿ ಹಾಕೋದು: ನಾಗ ರಾಕ್ಷ, ಗುರುಳು ರಾಕ್ಷ, ಮಯೂರ ರಾಕ್ಷ. ಗೋಡೆ ತುಂಬ ಬೇಡ, ಒಂದು ಸಾಕು. ಅದರ ಪಕ್ಕ ಕೆತ್ತೋರನ್ನೇ ಕೂರಿಸಿ, ಉಳಿ ಹಿಡಿದು ಅರ್ಧ ಕೆತ್ತಿದ ಮುಖ ಮಡಿಲಲ್ಲಿಟ್ಕೊಂಡು ಕೆಲಸ ಮಾಡ್ತಿರಲಿ. ಜನ ಗೋಡೆ ಬಿಟ್ಟು ಅಲ್ಲೇ ನಿಲ್ತಾರೆ, ಬರೆದಿಟ್ಕೊಳ್ಳಿ.

ಇಡೀ ಪ್ಲಾನಲ್ಲಿ ನೀವು ಬಿಟ್ಟಿರೋದು ಗೊಕ್ ಕೊಳ. ತೆಂಗಿನ ಸುಳಿಯ ಎಳೆ ಗರಿ, ಆ ಬೆಣ್ಣೆ ಬಣ್ಣದ್ದು. ಅದನ್ನ ಸೀಳಿ, ಮಡಚಿ, ಹೆಣೆದು ತೋರಣ, ಕಮಾನು, ಹೂವು, ಗೊಂಚಲು ಏನು ಬೇಕಾದ್ರೂ ಮಾಡ್ತಾರೆ. ಕೈಯಲ್ಲೊಂದು ಸಣ್ಣ ಚಾಕು ಅಷ್ಟೇ. ಒಂದು ಗರಿ ನಾಲ್ಕು ಬೆರಳಗಲ ಕುಯ್ದು, ಎರಡು ಕಡೆ ಗೀರು ಹಾಕಿ, ಒಂದು ತಿರುವು ಕೊಟ್ರೆ ಹಕ್ಕಿ ಆಗಿರುತ್ತೆ, ನೀವು ನೋಡ್ತಾ ಇದ್ರೂ ಹೆಂಗಾಯ್ತು ಅಂತ ಗೊತ್ತಾಗಲ್ಲ. ಬಾಗಿಲ ಎರಡು ಕಡೆ ಪುನ್ ಕಳಸ, ಅಂದ್ರೆ ನಮ್ಮ ಪೂರ್ಣಕಳಸಾನೇ, ಮಣ್ಣಿನ ಮಡಕೆ ಮೇಲೆ ತೆಂಗಿನ ಹೊಂಬಾಳೆ ಬಿರಿಸಿ ಇಟ್ಟಿರ್ತಾರೆ. ಪಕ್ಕ ಎತ್ತರದ ಹಿತ್ತಾಳೆ ದೀಪ, ತುದೀಲಿ ಹುಂಜ. ಬಾಲಿ ಕೊಡೆಗೆ ಕೊಡೋ ದುಡ್ಡಲ್ಲಿ ಇದಿಷ್ಟೂ ಆಗಿ ಉಳಿಯುತ್ತೆ.

---

ಜನರೇಟರ್_ಅಣ್ಣ

ಮ್ಯಾಲಿನವರು ಹೇಳಿದ್ದು ಖರೆ ಅದ. ನಾ ಲೈಟ್ ಸೌಂಡ್ ಕಡೆಯಿಂದ ಎರಡ ಮಾತ ಹೇಳ್ತೀನ್ರಿ.

ಗರಿ ಕೆಲಸ ಹಿಂದಿನ ರಾತ್ರಿನ ಆಗಬೇಕು. ನಾವ ಒಮ್ಮೆ ಶಾಣ್ಯಾತನ ಮಾಡಿ ಎರಡ ದಿನ ಮೊದಲ ಕಟ್ಟಿಸಿದ್ವಿ, ಕೆಲಸ ಹಗುರ ಆಗ್ತದ ಅಂತ. ಮದುವಿ ದಿನ ಮುಂಜಾನೆ ನೋಡಿದ್ರ ಎಲ್ಲಾ ಕಂದ ಆಗಿ ಸುರುಳಿ ಸುತ್ತಿ ಕುಂತಿತ್ತು, ಹಳೆ ಪೊರಕಿ ಹಂಗ. ಮತ್ತ ಅವರನ್ನ ಕಾಲ ಹಿಡದ ಕರಸಿ ರಾತ್ರೋರಾತ್ರಿ ಮಾಡಸಿದ್ವಿ, ಡಬಲ್ ರೊಕ್ಕ. ಗರಿ ಮ್ಯಾಲೆ ಹಸಿ ಗೋಣಿಚೀಲ ಹೊದಿಸಿ ನೀರ ಚಿಮುಕಸ್ತಾ ಇರಬೇಕು, ಮತ್ತ ಹ್ಯಾಲೊಜನ್ ಲೈಟ್ ಹತ್ರ ಕಟ್ಟಲೇಬಾರ್ದು.

ಬೀಚ್ ಲೈಟ್. ಬೆಂತೋಟದಿಂದ ಸ್ವಲ್ಪ ಕೆಳಗ ಕೊಸ್ಗೊಡ ಅಂತ ಊರ ಅದ, ಆಮಿ ಮೊಟ್ಟಿ ಇಡೋ ಜಾಗ. ಜಗತ್ತಿನಾಗ ಏಳ ಜಾತಿ ಕಡಲಾಮಿ ಇದ್ರ ಅದರಾಗ ಐದು ಜಾತಿ ಶ್ರೀಲಂಕಾ ದಂಡಿಗೆ ಬಂದ ಮೊಟ್ಟಿ ಇಡ್ತಾವ. ಮರಿ ಹೊರಗ ಬಂದ ಕೂಡ್ಲೆ ಬೆಳಕ ಎಲ್ಲಿ ಹೆಚ್ಚ ಅದನೋ ಆ ಕಡೆ ಓಡ್ತಾವ, ಸಮುದ್ರ ಅಂತ ತಿಳಕೊಂಡು. ನೀವ ಸಮುದ್ರದ ಕಡೆ ಫ್ಲಡ್‌ಲೈಟ್ ಹಾಕಿದ್ರ ಅವು ನಿಮ್ಮ ಬಫೆ ಕಡೆ ಬರ್ತಾವ. ಲೈಟ್ ಎಲ್ಲಾ ಕೆಳಗ, ಒಳಮುಖ, ಹಳದಿ. ಹಿತ್ತಾಳಿ ದೀಪ, ಮಣ್ಣಿನ ಹಣತಿ ಸಾಕ್ರಿ, ಬೆಳದಿಂಗಳ ಅಂತೀರಿ ಮತ್ತ ಲೈಟ್ ಯಾಕ ಬೇಕು.

ಸೌಂಡಿಗೆ ಅಲ್ಲಿನ ಪೊಲೀಸ್ ಠಾಣೆದಿಂದ ಪರ್ಮಿಟ್ ತಗೊಬೇಕು, ಹೋಟೆಲಿನವರು ಮಾಡಸ್ತಾರ ಆದ್ರ ಕಾಗದ ಕೈಯಾಗ ಬಂದ ಮ್ಯಾಲೆ ನಂಬ್ರಿ. ಡ್ರೋನಿಗೆ ಬ್ಯಾರೆ ಪರವಾನಗಿ, ಬ್ಯಾಗನ್ಯಾಗ ಇಟ್ಕೊಂಡ ಹೋಗಿ ಹಾರಸ್ತೀನಿ ಅಂದ್ರ ನಡ್ಯಾಂಗಿಲ್ಲ.

ಹವಾಮಾನ ಫೆಬ್ರವರಿ ಅಂದ್ರ ಆ ಕಡೆ ಛಲೋ. ನೈಋತ್ಯ ಮಳಿ ಮೇದಿಂದ ಸೆಪ್ಟೆಂಬರ್ ತನಕ ಆ ದಂಡಿಗೆ ಹೊಡಿತದ. ಆದ್ರೂ ಒಂದ ಒಳಾಂಗಣ ಜಾಗ ಹಿಡದ ಇಡ್ರಿ, ದ್ವೀಪದ ಆಕಾಶ ನಂಬಬ್ಯಾಡ್ರಿ.

---

ನೇರಮಾತು

ಎಲ್ಲರೂ ಸಂಸ್ಕೃತಿ ಕ್ಲಾಸ್ ತಗೋತಿದೀರ. ಡೀಲರ್ಸ್ ಮೀಟ್ ರೀ ಇದು. ನಾನೂ ಡೀಲರ್ರೇ, ಇಂಥ ಹತ್ತು ಟ್ರಿಪ್ ಹೋಗಿದೀನಿ. ನಮಗೆ ಬೇಕಾಗಿರೋದು ಒಳ್ಳೆ ರೂಮು, ತಣ್ಣಗಿರೋ ಬಿಯರು, ರಾತ್ರಿ ಕುಣಿಯೋಕೆ ಹಾಡು. ಗರಿ ಯಾವಾಗ ಕಟ್ಟಿದ್ರು, ಮುಖವಾಡ ಯಾವ ರೋಗದ್ದು ಅಂತ ಯಾವನು ಕೇಳ್ತಾನೆ. ಸುಮ್ನೆ ಖರ್ಚು.

---

ಗಾಲ್‌ರೋಡ್_ಪ್ರಯಾಣಿಕ

@ನೇರಮಾತು ಕುಣಿಯೋಕೆ ಹಾಡು ಬೇಕು ಅಂದ್ರಲ್ಲ, ಅದೂ ಅಲ್ಲೇ ಇದೆ. ಬೈಲಾ. ಪೋರ್ಚುಗೀಸರು ಬಂದಾಗ ಜೊತೆಗೆ ಬಂದ ತಾಳ, ಈಗ ಪೂರ್ತಿ ಅವರದ್ದೇ. ಒಂದು ಬೈಲಾ ಬ್ಯಾಂಡ್ ಕರೆಸಿ ಎರಡನೇ ಹಾಡಿಗೆ ಯಾರಾದ್ರೂ ಕುರ್ಚೀಲಿ ಕೂತಿದ್ರೆ ನನ್ನ ಹೆಸರು ಬದಲಾಯಿಸಿ. ಮೀಟಿಂಗ್ ಹಾಲಿಂದ ಬೀಚಿಗೆ ಜನರನ್ನ ಕರ್ಕೊಂಡು ಹೋಗೋಕೆ ಪಪರೆ ಬ್ಯಾಂಡ್ ಇಡಿ, ಅವರ ಕ್ರಿಕೆಟ್ ಮ್ಯಾಚಲ್ಲಿ ಟ್ರಂಪೆಟ್ ಡ್ರಮ್ ಹೊಡೀತಾರಲ್ಲ ಅದೇ. "ದಯವಿಟ್ಟು ಎಲ್ಲರೂ ಡಿನ್ನರ್ ಜಾಗಕ್ಕೆ ಬನ್ನಿ" ಅಂತ ಮೈಕಲ್ಲಿ ಮೂರು ಸಲ ಕೂಗೋ ಕೆಲಸ ಉಳಿಯುತ್ತೆ.

ಖರ್ಚು ಅಂದ್ರಿ. ಕಂಟೇನರಲ್ಲಿ ಬರೋ ಪ್ಲಾಸ್ಟಿಕ್‌ಗಿಂತ ಹಿತ್ತಲಲ್ಲಿ ಬೆಳೆಯೋ ಗರಿ ದುಬಾರಿನಾ? ಅಂದಹಾಗೆ ಆ ಹವಾಯಿ ಹಾರ ಇನ್ನೂ ಪ್ಲಾನಲ್ಲಿದ್ರೆ ತೆಗೀರಿ, 2023ರ ಅಕ್ಟೋಬರ್ 1ರಿಂದ ಅಲ್ಲಿ ಪ್ಲಾಸ್ಟಿಕ್ ಹೂಮಾಲೆ ಬ್ಯಾನ್ ಆಗಿದೆ, ಸ್ಟ್ರಾ, ಒಂದ್ಸಲ ಬಳಸಿ ಎಸೆಯೋ ತಟ್ಟೆ ಲೋಟ ಚಮಚದ ಜೊತೆಗೇನೇ. ಹಾರದ ಬದಲು ಬುಲತ್ ಕೊಡಿ, ವೀಳ್ಯದೆಲೆ, ಎರಡೂ ಕೈಲಿ ಹಿಡಿದು, "ಆಯುಬೋವನ್" ಅಂತ. ಆಯುಷ್ಯ ಹೆಚ್ಚಲಿ ಅಂತ ಅರ್ಥ. ನಮ್ಮೋರಿಗೆ ಅದನ್ನ ಬಿಡಿಸಿ ಹೇಳೋದೇ ಬೇಡ.

---

ಕಡಲತೀರದಡುಗೆ

ಊಟದ ಬಗ್ಗೆ ಯಾರೂ ಮಾತಾಡ್ಲಿಲ್ಲ ಅಲ್ವಾ ಮಾರಾಯ್ರೆ! ನನ್ನ ಗಂಡನಿಗೆ ಅಲ್ಲಿ ಕೆಲಸ ಇದ್ದದ್ದು, ಎರಡು ವರ್ಷ ನೆಗೊಂಬೋದಲ್ಲಿ ಅಡುಗೆಮನೆ ಮಾಡಿದ್ದೇನೆ.

110 ಜನರಲ್ಲಿ ಸಸ್ಯಾಹಾರಿಗಳು ಎಷ್ಟು ಜನ ಉಂಟು ಅಂತ ಮೊದಲು ಲೆಕ್ಕ ತೆಗೀರಿ. ಯಾಕೆ ಹೇಳಿದ್ರೆ ಅಲ್ಲಿ ಉಂಬಲಕಡ ಅಂತ ಒಂದು ಉಂಟು, ಮಾಲ್ಡೀವ್ಸ್ ಮೀನು, ಬೇಯಿಸಿ ಹೊಗೆ ಹಾಕಿ ಒಣಗಿಸಿ ಕಲ್ಲಿನ ಹಾಗೆ ಮಾಡಿದ್ದು. ಅದನ್ನು ಕುಟ್ಟಿ ಪೊಲ್ ಸಂಬೋಲಕ್ಕೆ ಹಾಕ್ತಾರೆ, ಲುನು ಮಿರಿಸಿಗೆ ಹಾಕ್ತಾರೆ, ತರಕಾರಿ ಪಲ್ಯಕ್ಕೂ ಹಾಕ್ತಾರೆ. ಪೊಲ್ ಸಂಬೋಲ ನೋಡ್ಲಿಕ್ಕೆ ನಮ್ಮ ಕಾಯಿ ಚಟ್ನಿಯದ್ದೇ ಕೆಂಪು, ನಿಮ್ಮವರು ಎರಡು ಸಲ ಬಡಿಸಿಕೊಂಡು ತಿಂದ ಮೇಲೆ ಗೊತ್ತಾಗುವುದು. "ವೆಜ್" ಅಂತ ಹೇಳಿದ್ರೆ ಸಾಕಾಗುದಿಲ್ಲ, "ಉಂಬಲಕಡ ಎಪಾ" ಅಂತ ಹೇಳಿ. ಎಪಾ ಅಂದ್ರೆ ಬೇಡ. ನಾನು ಅಲ್ಲಿ ಕಲಿತ ಮೊದಲ ಎರಡು ಶಬ್ದ ಇದೇ.

ಆದ್ರೆ ಸರಿಯಾಗಿ ಮಾಡಿದ್ರೆ ಇಷ್ಟು ಹತ್ತಿರದ ಊಟ ಬೇರೆ ಸಿಗ್ಲಿಕ್ಕಿಲ್ಲ. ಗೊಟುಕೊಳ ಅಂದ್ರೆ ನಮ್ಮ ಒಂದೆಲಗ, ಸಣ್ಣಗೆ ಹೆಚ್ಚಿ ಕಾಯಿತುರಿ ನಿಂಬೆ ಹಾಕಿ ಹಸಿಯೇ ಕೊಡ್ತಾರೆ. ಗೊರಕ ಅಂದ್ರೆ ಉಪ್ಪಾಗೆ, ಮೀನಿನ ಅಂಬುಲ್ ತಿಯಲ್‌ಗೆ ಅದೇ ಹುಳಿ. ಕಿತುಲ್ ಅಂದ್ರೆ ಬೈನೆ ಮರ, ಅದರ ಜೋನಿಬೆಲ್ಲ ಎಮ್ಮೆ ಮೊಸರಿನ ಮೇಲೆ ಸುರಿದು ಕೊಡ್ತಾರೆ, ಮಣ್ಣಿನ ಮಡಕೆಯಲ್ಲೇ, ಬೇರೆ ಡೆಸರ್ಟೇ ಬೇಡ. ಎಳೆ ಹಲಸಿನ ಪೊಲೊಸ್ ಉಂಟು, ಮಾಂಸ ಬೇಕು ಅನ್ನುವವರೂ ಸುಮ್ಮನಾಗ್ತಾರೆ.

ಬೆಳಿಗ್ಗೆ ಶುರುವಿಗೆ ಕಿರಿಬತ್ ಇಡಿ. ಅಕ್ಕಿಯನ್ನು ಕಾಯಿಹಾಲಲ್ಲಿ ಬೇಯಿಸಿ ತಟ್ಟೆಗೆ ಹಾಕಿ ಒತ್ತಿ ಬಾಳೆಲೆಯಿಂದ ನುಣ್ಣಗೆ ಸವರಿ ವಜ್ರದ ಆಕಾರಕ್ಕೆ ಕತ್ತರಿಸುವುದು, ಒಳ್ಳೆ ಕೆಲಸ ಶುರು ಮಾಡುವಾಗ ಅದೇ. ದೀಪ ಹಚ್ಚಿ ಆದ ಕೂಡಲೇ ಕಿರಿಬತ್ ಬಂದ್ರೆ ಅದಕ್ಕಿಂತ ದೊಡ್ಡ ಡೆಕೊರೇಷನ್ ಯಾಕೆ? ಎರಡನೇ ದಿನ ತಲೆ ಹಿಡಿದುಕೊಂಡು ಏಳುವವರಿಗೆ ಕೊಳ ಕೆಂದ, ಸೊಪ್ಪಿನ ಗಂಜಿ, ಜೊತೆಗೆ ಒಂದು ತುಂಡು ಬೆಲ್ಲ. @ನೇರಮಾತು ನಿಮಗೆ ಇದು ಬೇಕಾಗ್ತದೆ.

ಮತ್ತೆ ಲಂಪ್ರೈಸ್. ಡಚ್ ಬರ್ಗರ್ ಮನೆಗಳದ್ದು (ತಿನ್ನುವ ಬರ್ಗರ್ ಅಲ್ಲ, ಅಲ್ಲೇ ನೆಲೆಸಿದ ಡಚ್ಚರ ವಂಶದವರು), ಅನ್ನ, ಮಾಂಸದ ಸಾರು, ಬದನೆ ಮೊಜು ಅಂದ್ರೆ ಉಪ್ಪಿನಕಾಯಿ ಥರದ್ದು, ಫ್ರಿಕಡೆಲ್ ಅಂದ್ರೆ ಮಾಂಸದ ಉಂಡೆ, ಎಲ್ಲಾ ಒಂದು ಬಾಳೆಲೆಯಲ್ಲಿ ಕಟ್ಟಿ ಓವನಿಗೆ ಇಡುವುದು. ಬಸ್ಸಲ್ಲಿ ತಿರುಗುವ ದಿನಕ್ಕೆ ಇದಕ್ಕಿಂತ ಚಂದದ ಪ್ಯಾಕೆಟ್ ಯಾವ ಡಿಸೈನರೂ ಮಾಡ್ಲಿಕ್ಕಿಲ್ಲ. ಬಿಡಿಸುವಾಗ ಬಾಡಿದ ಬಾಳೆಲೆ ಪರಿಮಳ ಇಡೀ ಬಸ್ಸಿಗೆ ಬರ್ತದೆ.

---

ಅಂಗಳಪ್ರಿಯ

ಆರ್ಕಿಟೆಕ್ಚರ್ ಓದ್ತಿರೋನು, ಇವೆಂಟ್ ಬಗ್ಗೆ ಗೊತ್ತಿಲ್ಲ, ಆದ್ರೆ ಬೆಂತೋಟ ಅಂದ ಮೇಲೆ ಸುಮ್ಮನಿರೋಕಾಗಲ್ಲ.

ನೀವು ಹೋಗ್ತಿರೋದು ಶ್ರೀಲಂಕಾದ ದೊಡ್ಡ ಆರ್ಕಿಟೆಕ್ಟ್ ಜೆಫ್ರಿ ಬಾವಾ ಊರಿಗೆ. 1948ರಲ್ಲಿ ಅಲ್ಲೇ ಒಂದು ಪಾಳುಬಿದ್ದ ರಬ್ಬರ್ ತೋಟ ತಗೊಂಡು ಲುನುಗಂಗ ಅಂತ ಮನೆ, ತೋಟ ಮಾಡಿದ್ರು, 2003ರಲ್ಲಿ ತೀರಿಹೋಗೋ ತನಕ ತಿದ್ದುತ್ತಲೇ ಇದ್ರು. ಮನೆ ಮುಂದೆ ನಿಂತು ದಕ್ಷಿಣಕ್ಕೆ ನೋಡಿದ್ರೆ ಗುಡ್ಡದ ಮೇಲೊಂದು ದೊಡ್ಡ ಜಾಡಿ, ಅದರಾಚೆ ದೂರದಲ್ಲಿ ಕಾಣೋ ಬಿಳಿ ಸ್ತೂಪ, ಆ ನೋಟಕ್ಕೋಸ್ಕರ ಗುಡ್ಡದ ನೆತ್ತಿನೇ ಇಳಿಸಿದ್ರು ಆ ಮನುಷ್ಯ. ತೋಟದಲ್ಲಿ ಅಲ್ಲಲ್ಲಿ ಗಂಟೆ ಕಟ್ಟಿದಾರೆ, ಒಂದೊಂದರ ನಾದ ಒಂದೊಂದು ಥರ. ಯಾವ ಗಂಟೆ ಬಾರಿಸಿದ್ರು ಅಂತ ಕೇಳಿಯೇ ಯಾವ ಮೂಲೆಗೆ ಟೀ, ಡ್ರಿಂಕ್ಸ್ ತರಬೇಕು ಅಂತ ಕೆಲಸದವರಿಗೆ ಗೊತ್ತಾಗೋದಂತೆ. ವಾಕಿಟಾಕಿ ಹಿಡಿದು ಓಡಾಡೋ ನಿಮ್ಮ ಟೀಮಿಗೆ ಇದನ್ನ ಹೇಳಿ!

ಅವರ ಜೊತೆ ಕೆಲಸ ಮಾಡಿದ ಎನಾ ಡಿ ಸಿಲ್ವಾ ಬೆಂತೋಟ ಬೀಚ್ ಹೋಟೆಲ್ ಲಾಬಿಯ ಛಾವಣಿಗೆ ಪೂರ್ತಿ ಬಾಟಿಕ್, ಅಂದ್ರೆ ಮೇಣ ಹಚ್ಚಿ ಬಣ್ಣ ಅದ್ದಿದ ಬಟ್ಟೆ, ಮಾಡಿದ್ರು. ತಲೆ ಎತ್ತಿದ್ರೆ ಬಣ್ಣ, ಕೆಳಗೆ ಬರೀ ಖಾಲಿ ನೆಲ. ನೀವು ಗೋಡೆ, ಸ್ಟೇಜು ಅಂತಲೇ ಯೋಚನೆ ಮಾಡ್ತಿದೀರ, ಮೇಲೆ ನೋಡಿ. ಟೆಂಟಿನ ಒಳಮೈಗೆ ಬಾಟಿಕ್ ಪಟ್ಟಿಗಳು ಕಟ್ಟಿದ್ರೆ ಗಾಳಿಗೆ ಆಡ್ತಾ ಇರುತ್ತೆ, ಅರ್ಧ ಡೆಕೊರೇಷನ್ ಮುಗೀತು.

ಸ್ಟೇಜಿಗೆ ಏನೂ ಹೊಳೆದಿಲ್ಲ ಅಂದ್ರಲ್ಲ. ಕ್ಯಾಂಡಿ ಹತ್ರ ಎಂಬೆಕ್ಕೆ ದೇವಾಲಯ ಅಂತ ಇದೆ, ಅವರ ಕತರಗಮ ದೇವರದ್ದು, ಅಂದ್ರೆ ನಮ್ಮ ಸುಬ್ರಹ್ಮಣ್ಯ. 14ನೇ ಶತಮಾನದ್ದು. ಡೋಲು ಬಾರಿಸೋ ಮಂಟಪದ ಮರದ ಕಂಬಗಳ ಮೇಲೆ ಚೌಕ ಚೌಕದಲ್ಲಿ ಕೆತ್ತನೆ: ಜಟ್ಟಿಗಳು, ಹಂಸ, ಸಿಂಹ. ನಾನು ಒಂದೊಂದೇ ಕಂಬ ನೋಡ್ತಾ ಹೋಗ್ತಿದ್ದೆ, ಇದ್ದಕ್ಕಿದ್ದ ಹಾಗೆ ಗಂಡಭೇರುಂಡ. ಎರಡು ತಲೆ, ಬಿಚ್ಚಿದ ರೆಕ್ಕೆ. ನಂಗೆ ಒಂದು ಕ್ಷಣ ಬಸ್ ಟಿಕೆಟ್ ಮೇಲಿನ ಸೀಲ್ ನೋಡಿದ ಹಾಗಾಯ್ತು. ಅವರೂ ಅದನ್ನ ಭೇರುಂಡ ಪಕ್ಷಿ ಅಂತಲೇ ಕರೀತಾರೆ, ಅವರ ಹಳೇ ಚಿತ್ರಕಲೇಲಿ, ಬಾವುಟದಲ್ಲಿ ಎಲ್ಲ ಇದೆ. ನಿಮ್ಮ ಗೆಸ್ಟ್‌ಗಳು ಕರ್ನಾಟಕದವರಾದ್ರೆ ಸ್ಟೇಜ್ ಹಿಂದೆ ಆ ಹಕ್ಕಿ ಇಡಿ, ಕ್ಯಾಂಡಿ ಶೈಲೀಲಿ ಬರೆಯೋ ಅಲ್ಲಿನ ಕಲಾವಿದರ ಕೈಲೇ ಬರೆಸಿ. ಇಂಟರ್ನೆಟ್ಟಿಂದ ಇಳಿಸಿ ಫ್ಲೆಕ್ಸ್ ಹೊಡೆಸಿದ್ರೆ ಮಾತ್ರ ನಾನು ಈ ಪೋಸ್ಟ್ ಡಿಲೀಟ್ ಮಾಡ್ತೀನಿ.

---

ತೆಂಕಣಗಾಳಿ

ನನ್ನ ಅಮ್ಮನ ಕಡೆಯವರು ಶ್ರೀಲಂಕಾದ ಉತ್ತರದ ಜಾಫ್ನಾದವರು, ಮನೇಲಿ ತಮಿಳು, ನಾನು ಓದಿದ್ದು ಬೆಳೆದಿದ್ದು ಕನ್ನಡದಲ್ಲಿ. ಒಂದು ಸಣ್ಣ ಕಂಪ್ಲೇಂಟ್. "ಲೋಕಲ್" ಅಂತ ಎಲ್ಲರೂ ಹೇಳಿದ್ದು ಕ್ಯಾಂಡಿ, ಬಾಟಿಕ್, ಮುಖವಾಡ. ಆ ದ್ವೀಪದಲ್ಲಿ ತಮಿಳರಿದ್ದಾರೆ, ಮುಸ್ಲಿಮರಿದ್ದಾರೆ, ಮಲಯರಿದ್ದಾರೆ. ಊಟದಲ್ಲಿ ಬರ್ಗರ್ ಬಂದ್ರು, ಖುಷಿ, ವಟಲಪ್ಪನ್ ಬಿಟ್ರಿ, ಮಲಯರ ಸಿಹಿ ಅದು, ಬೆಲ್ಲ ತೆಂಗಿನಹಾಲು ಮೊಟ್ಟೆ ಹಾಕಿ ಹಬೇಲಿ ಬೇಯಿಸೋದು.

ಬೆಂತೋಟದಲ್ಲಿ ಮಾಡೋ ಕಾರ್ಯಕ್ರಮಕ್ಕೆ ಜಾಫ್ನಾ ಪೂರ್ತಿ ತಂದು ಸುರೀರಿ ಅಂತಿಲ್ಲ, ಅದು ಇನ್ನೊಂದು ಥರ ಮಿಕ್ಸಿ ಆಗುತ್ತೆ. ಆದ್ರೆ ಮೂರನೇ ದಿನ ಬೆಳಿಗ್ಗೆ ಬೀಳ್ಕೊಡುಗೆಗೆ ನಾದಸ್ವರ, ಜೊತೆಗೆ ಬಾರಿಸೋ ತವಿಲ್ ಡೋಲು ಇಡಬಹುದಲ್ವಾ? ಯಾಳ್ಪಾಣಂ (ಜಾಫ್ನಾದ ತಮಿಳು ಹೆಸರು) ದಕ್ಷಿಣಾಮೂರ್ತಿ ಅಂತ ತವಿಲ್ ವಿದ್ವಾಂಸರಿದ್ರು, ಸಂಗೀತ ಗೊತ್ತಿರೋರು ಹೆಸರು ಕೇಳಿದ್ರೇ ಕೈಮುಗೀತಾರೆ, ಅಂಥ ಊರು ಅದು. ಗಿಫ್ಟಿಗೆ ತಾಳೆಗರಿ ಡಬ್ಬಿ ಮಾಡಿಸಿ, ಉತ್ತರದ ಹೆಂಗಸರು ಹೆಣೆಯೋದು, ಒಳಗೆ ದಾಲ್ಚಿನ್ನಿ ಇಡಿ. ದಾಲ್ಚಿನ್ನಿ ದಕ್ಷಿಣದ್ದು, ನಿಮ್ಮ ಹೋಟೆಲ್ ಸುತ್ತಮುತ್ತಲೇ ಸುಲೀತಾರೆ. ಸ್ವಾಗತದ ಬೋರ್ಡಲ್ಲಿ ಸಿಂಹಳ, ತಮಿಳು ಎರಡೂ ಇರಲಿ. ಸಿಂಹಳ ಅಕ್ಷರ ಗುಂಡಗೆ ಕನ್ನಡದ ಥರಾನೇ ಕಾಣುತ್ತೆ, ನಿಮ್ಮವರು ಓದೋಕೆ ಹೋಗಿ ಸೋತು ನಗ್ತಾರೆ, ಅದೂ ಒಂದು ಆಟ.

---

ದೀಪದಕಂಬ

ಅಬ್ಬಾ. ಎರಡು ದಿನ ಆಫೀಸಲ್ಲಿ ಇದನ್ನೇ ಓದ್ತಾ ಕೂತಿದ್ದೆ. ಎಲ್ಲರಿಗೂ ಥ್ಯಾಂಕ್ಸ್, @ನೇರಮಾತು ನಿಮಗೂ, ನಿಮ್ಮ ಮಾತು ಕ್ಲೈಂಟ್ ಬಾಯಲ್ಲೂ ಬರುತ್ತೆ ಅಂತ ಗೊತ್ತಿದ್ದು ತಯಾರಾಗಿ ಹೋದೆ.

ಹೋಟೆಲಿಗೆ ಫೋನ್ ಮಾಡಿ ಪೋಯ ಅಂತ ಕೇಳಿದ ಕೂಡಲೇ ಆ ಕಡೆ ಇದ್ದವರು "ನಾವೇ ಹೇಳಬೇಕು ಅಂತಿದ್ವಿ" ಅಂದ್ರು. ಯಾವಾಗ ಹೇಳ್ತಿದ್ರೋ ದೇವರಿಗೇ ಗೊತ್ತು. ಈಗ ಪಾರ್ಟಿ ಮೊದಲ ರಾತ್ರಿಗೆ ಬಂತು. ಪೋಯ ದಿನ ಬೆಳಿಗ್ಗೆ ಮೀಟಿಂಗು, ಸಂಜೆ ಏನೂ ಇಲ್ಲ, ಬೇಕಾದವರು ಬಿಳಿ ಬಟ್ಟೆ ಹಾಕ್ಕೊಂಡು ಹತ್ತಿರದ ದೇವಸ್ಥಾನಕ್ಕೆ ಹೋಗಬಹುದು, ಬೇಡದವರು ಬೀಚಲ್ಲಿ ಚಂದ್ರನ್ನ ನೋಡ್ತಾ ಕೂರಬಹುದು, ಊಟ ಪೂರ್ತಿ ಸಸ್ಯಾಹಾರ, ಉಂಬಲಕಡ ಎಪಾ. ಕಂಪನಿಯವರು ಮೊದಲು ಮುಖ ಸಿಂಡರಿಸಿದ್ರು, ಆಮೇಲೆ ಅವರ ಎಂಡಿನೇ "ಒಂದು ಸಂಜೆ ಯಾರೂ ಮೈಕ್ ಹಿಡಿಯಲ್ಲ ಅಂದ್ರೆ ಅದೇ ದೊಡ್ಡ ಗಿಫ್ಟು" ಅಂದುಬಿಟ್ರು.

ಡ್ಯಾನ್ಸರ್‌ಗಳ ಟ್ರೇ ಹೋಯ್ತು. ಬುದ್ಧ ಹೋದ, ಅಂದ್ರೆ ಸ್ಟೇಜಿಂದ ಹೋದ. ಭೇರುಂಡಕ್ಕೆ ಕ್ಯಾಂಡಿಯ ಒಬ್ಬ ಕಲಾವಿದರ ಜೊತೆ ಮಾತಾಡಿದೀನಿ, ನಾನು ಕಳಿಸಿದ ರೆಫರೆನ್ಸ್ ನೋಡಿ "ಇದು ನಿಮ್ಮ ಕಡೆಯ ಹಕ್ಕಿ, ನಮ್ಮದರ ಕೊಕ್ಕು ಬೇರೆ" ಅಂತ ಪೆನ್ಸಿಲಲ್ಲಿ ತಿದ್ದಿ ವಾಪಸ್ ಕಳಿಸಿದಾರೆ. ಆ ಸ್ಕೆಚ್ಚನ್ನೇ ಫ್ರೇಮ್ ಹಾಕಿಸೋಣ ಅನ್ನಿಸ್ತಿದೆ. ಬಾಟಿಕ್ ಟೆಂಟ್ ಬಜೆಟ್ಟಿಗೆ ಪೂರ್ತಿ ಬರಲ್ಲ, ಊಟದ ಮೇಜುಗಳ ಮೇಲಷ್ಟೇ ಕಟ್ಟಿಸ್ತೀನಿ. ನಾದಸ್ವರಕ್ಕೆ ಕೊಲಂಬೊದ ತಂಡ ಒಂದು ಸಿಕ್ಕಿದೆ.

ಗಂಟೆ ಐಡಿಯಾ ಕದ್ದಿದೀನಿ @ಅಂಗಳಪ್ರಿಯ. ಮೂರು ಗಂಟೆ, ಮೂರು ನಾದ: ಒಂದು ಟೀಗೆ, ಒಂದು ಮೀಟಿಂಗಿಗೆ, ಒಂದು ಊಟಕ್ಕೆ. ಮೀಟಿಂಗ್ ಗಂಟೆಗೆ ಯಾರೂ ಬರಲ್ಲ ಅಂತ ಟೀಮಲ್ಲಿ ಬೆಟ್ ಕಟ್ಟಿದಾರೆ.

ಗೊಕ್ ಕೊಳಕ್ಕೆ ಆರು ಜನ ಬರ್ತಾರೆ, ಹಿಂದಿನ ದಿನ ಸಂಜೆ ಏಳಕ್ಕೆ ಶುರು ಮಾಡಿ ಬೆಳಗಿನ ಜಾವ ಮುಗಿಸ್ತಾರಂತೆ. ಗೋಣಿಚೀಲ, ನೀರಿನ ಡ್ರಮ್ಮು, ಕೂರೋಕೆ ನೆರಳು ಎಲ್ಲ ಲಿಸ್ಟಲ್ಲಿ ಹಾಕಿದೀನಿ. ಇನ್ನೇನಾದ್ರೂ ಮರೆತೆನಾ?

---

ಜನರೇಟರ್_ಅಣ್ಣ

ಆ ಆರ ಮಂದಿಗೆ ರಾತ್ರಿ ಊಟ?

---

ದೀಪದಕಂಬ

ಅಯ್ಯೋ.

ಹೋಟೆಲಿಗೆ ಈಗಲೇ ಮೆಸೇಜ್ ಮಾಡ್ತಿದೀನಿ. ಗೆಸ್ಟ್‌ಗಳ ಮೆನುನೇ ಅವರಿಗೂ ಅಂತ ಹೇಳ್ತೀನಿ, ನಡುರಾತ್ರಿಗೆ ಒಂದು ರೌಂಡ್ ಟೀನೂ.

---

ಕಡಲತೀರದಡುಗೆ

ಟೀ ಜೊತೆ ಒಂದು ತುಂಡು ಬೆಲ್ಲ ಕೊಡ್ಲಿಕ್ಕೆ ಹೇಳಿ. ಅಲ್ಲಿ ಹಾಲು ಹಾಕದ ಖಾಲಿ ಟೀಗೆ ಹಾಗೇ, ಕೈಯಲ್ಲಿ ಬೆಲ್ಲ ಇಟ್ಟುಕೊಂಡು ಕಚ್ಚಿ ಕಚ್ಚಿ ಕುಡಿಯುವುದು.